ಮುಕ್ಕಾದ ಉಳಿ

ಕಲ್ಲು ಕೆತ್ತುವವಳಿಗೆ ಹುಟ್ಟಿನಿಂದಲೇ ಅನುಮಾನದ ಬುದ್ಧಿ. ಅಂಗಡಿಯವನು ತಕ್ಕಡಿ ಎತ್ತಿದರೆ ಇವಳ ಕಣ್ಣು ಮುಳ್ಳಿನ ಮೇಲೆ. ಅದಕ್ಕೇ ಇರಬೇಕು, ರಸ್ತೆ ಇಲಾಖೆಯ ಅಧಿಕಾರಿ ಇವಳನ್ನೇ ಹುಡುಕಿಕೊಂಡು ಬಂದ. ಊರಿನ ಹಳೇ ಸ್ಮಶಾನದ ಮೇಲೆ ರಸ್ತೆ ಹಾಯಬೇಕಂತೆ. ನೂರು ವರ್ಷ ದಾಟಿದ ಗೋರಿ ಒಂದಾದರೂ ಇದ್ದರೆ ಮಾತ್ರ ಜಾಗ ಉಳಿಯುತ್ತದೆ. ಅಷ್ಟು ಹಳೇ ಇಸವಿ ಇರುವುದು ಒಂದೇ ಕಲ್ಲಿನ ಮೇಲೆ. ಅದು ನಿಜವೋ ಸುಳ್ಳೋ ಇವಳು ಬರೆದುಕೊಡಬೇಕು.

ಇವಳ ಅಮ್ಮ ಮಲಗಿರುವುದೂ ಆ ಕಲ್ಲಿನ ಪಕ್ಕದಲ್ಲೇ. ಹಾಗಂತ ಸುಳ್ಳಿಗೆ ರುಜು ಹಾಕುವ ಹೆಣ್ಣಲ್ಲ.

ಅನುಮಾನವೆಲ್ಲ ಮೇಷ್ಟ್ರ ಮೇಲೆ. ಸ್ಮಶಾನದ ಚರಿತ್ರೆ ಬರೆದವರು ಅವರು. ನಲವತ್ತು ವರ್ಷದ ಹಿಂದೆ ಆ ಕಲ್ಲು ಮೊದಲು ಕಂಡದ್ದೂ ಅವರಿಗೇ! ಅವರನ್ನೂ ಸ್ಮಶಾನಕ್ಕೆ ಕರೆಸಿ, ಕಲ್ಲಿನ ಮುಂದೆಯೇ ನಿಲ್ಲಿಸಿ ಕೇಳಿದಳು.

"ಮೇಷ್ಟ್ರೇ, ಇಷ್ಟು ದೊಡ್ಡ ಕಲ್ಲು ಅಲ್ಲೀವರೆಗೆ ಎಲ್ಲಿ ಅಡಗಿ ಕೂತಿತ್ತು?"

"ಪೊದೆಯೊಳಗೆ ಕಣಮ್ಮ."

"ಪೊದೆಯೊಳಗೆ! ನನ್ನ ಕಿವಿ ಮೇಲೇ ಹೂವಿಡ್ತೀರಾ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಸಿಕ್ಕಿಬಿದ್ದರು ಮುದುಕರು ಎಂದು ಇವಳಿಗೆ ಒಳಗೊಳಗೇ ಖುಷಿ. ಮಂಡಿಯೂರಿ, ಪಾಚಿ ಕೆರೆದು, ಅಕ್ಷರದ ತಗ್ಗಿಗೆ ಬೆರಳಿಟ್ಟಳು. ಪ್ರತಿ ತಗ್ಗಿನ ತಳದಲ್ಲೂ ಕೂದಲೆಳೆಯಷ್ಟು ಉಬ್ಬು. ಉಳಿಯ ಬಾಯಿ ಮುಕ್ಕಾಗಿದ್ದರೆ ಮಾತ್ರ ಹಾಗೆ ಬರುತ್ತದೆ.

ಚೀಲದಿಂದ ಅಪ್ಪನ ಉಳಿ ತೆಗೆದಳು. ತೀರಿಹೋದವನ ನೆನಪಿಗೆಂದು ಅದರ ಮುಕ್ಕಿಗೆ ಇವಳು ಇಂದಿಗೂ ಸಾಣೆ ಹಿಡಿದಿರಲಿಲ್ಲ. ತಗ್ಗಿಗಿಟ್ಟರೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

"ಅಮ್ಮ ಹೋದ ವರ್ಷವೇ ಅಲ್ವಾ ಮೇಷ್ಟ್ರೇ, ಇದು ಸಿಕ್ಕಿದ್ದು?"

ಮೇಷ್ಟ್ರು ಗೇಟಿನ ಬಳಿ ನಿಂತಿದ್ದ ಅಧಿಕಾರಿಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. "ಆಗಲೂ ರಸ್ತೆ ಬರ್ತಿತ್ತಮ್ಮ. ನಿನಗಿನ್ನೂ ಮೂರು ವರ್ಷ. ನಿಮ್ಮಪ್ಪ ಬಂದು ನನ್ನ ಕೈ ಹಿಡ್ಕೊಂಡ. 'ಪೊದೆಯೊಳಗೆ ಸಿಕ್ತು ಅಂತ ಹೇಳಿ ಮೇಷ್ಟ್ರೇ, ಅಷ್ಟು ಸಾಕು' ಅಂದ."

ಇವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಸುಳ್ಳು ಹೇಳಿದರೆ ಕಿವಿ ಹಿಂಡುತ್ತಿದ್ದ ಅಪ್ಪ!

"ಏನಮ್ಮಾ, ಎಷ್ಟು ವರ್ಷದ್ದು?" ಅಧಿಕಾರಿ ಹತ್ತಿರ ಬಂದ.

"ನೂರೈವತ್ತಕ್ಕೆ ಕಮ್ಮಿಯಿಲ್ಲ ಸಾರ್."

ಈಗ ಅನುಮಾನಪಡುವ ಸರದಿ ಅವನದು. "ಅಷ್ಟು ಖಾತ್ರಿಯಾಗಿ ಹೇಗೆ ಹೇಳ್ತೀರಿ?"

"ಕೆತ್ತಿದ ಕೈ ಯಾವುದು ಅಂತ ನನಗೆ ಗೊತ್ತಾಗುತ್ತೆ ಸಾರ್."

ಬರೆದು ರುಜು ಹಾಕಿಕೊಟ್ಟಳು. ಮನೆ ಸೇರಿದವಳು ಚಪ್ಪಲಿಯನ್ನೂ ಬಿಡದೆ ಸಾಣೆಕಲ್ಲಿನ ಮುಂದೆ ಕೂತು, ಅಪ್ಪನ ಉಳಿಯ ಮುಕ್ಕು ಪೂರ್ತಿ ಹೋಗುವವರೆಗೆ ಉಜ್ಜಿದಳು.