ಅಂಚಿನ ಅಳತೆ

ಕಟ್ಟಡಗಳ ಅಂದಾಜುಪಟ್ಟಿ ಬರೆಯುವುದರಲ್ಲೇ ಅಕ್ಕನಿಗೆ ಹದಿನಾರು ವರ್ಷ ಕಳೆದಿತ್ತು. ಕಚೇರಿಯಲ್ಲಿ ಎಲ್ಲರಿಗೂ ಅವಳು ಅಕ್ಕನೇ. ಕಾಂಕ್ರೀಟಿಗೆ ಘನ ಮೀಟರ್, ಗಾರೆಗೆ ಚದರ ಮೀಟರ್, ಪೈಪಿಗೆ ಬರೀ ಮೀಟರ್, ಬಾಗಿಲಿಗೆ ಸಂಖ್ಯೆ; ಇವೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. ಅಳೆಯಲು ಯಾರಿಗೂ ಮನಸ್ಸಿಲ್ಲದ ಕೆಲಸಗಳಿಗೆ ಮಾತ್ರ ಒಂದು ಸೋಮಾರಿ ಮಾತಿದೆ, 'ಒಟ್ಟಾರೆ'. ಹಾಗೆ ಬರೆದ ಮೇಲೆ ಗುತ್ತಿಗೆದಾರ ಮಾಡಿದ್ದೇ ಕೆಲಸ. ಕಡಿಮೆಯಾಯಿತೆನ್ನಲು ಯಾರ ಕೈಯಲ್ಲೂ ಅಳತೆ ಇರುವುದಿಲ್ಲ.

ಅಂದು ಹೊಸ ಆಸ್ಪತ್ರೆಯ ಪಟ್ಟಿ ನೋಡುತ್ತಿದ್ದ ದೊಡ್ಡ ಎಂಜಿನಿಯರು ಒಂದು ಸಾಲಿನ ಮೇಲೆ ಪೆನ್ಸಿಲ್ ಇಟ್ಟು ಅವಳನ್ನು ಕರೆದರು. ಕೆಲಸ ನಡೆಯುವಾಗ ಮಹಡಿಯ ಅಂಚಿಗೆ ಕಟ್ಟುವ ತಾತ್ಕಾಲಿಕ ತಡೆಗಂಬಿಯ ಸಾಲು ಅದು.

"ಇದಕ್ಕೆ ಮೀಟರ್ ಯಾಕಮ್ಮ? ಯಾವಾಗ್ಲೂ ಒಟ್ಟಾರೆ ಅಂತ ತಾನೆ ಹಾಕೋದು? ಕೆಲಸ ಮುಗಿದ್ಮೇಲೆ ಬಿಚ್ಚಿ ಬಿಸಾಕೋ ಕಂಬಿ."

"ಮೀಟರ್ ಇರ್ಲಿ ಸಾರ್."

"ಟೇಪ್ ಹಿಡ್ಕೊಂಡು ಮಹಡಿ ಮಹಡಿ ಯಾರು ಹತ್ತುತ್ತಾರೆ?"

"ನಾನು ಹತ್ತೀನಿ."

ದೊಡ್ಡವರು ಕೆಟ್ಟವರಲ್ಲ, ಹಳೇ ಪಟ್ಟಿಯಲ್ಲಿ ಇದ್ದದ್ದೇ ವೇದ ಎನ್ನುವ ಜಾತಿ. ಅವರು ಸಾಲು ಹೊಡೆದುಹಾಕಲು ಹೋದಾಗ ಅಕ್ಕ ಕಾಗದದ ಮೇಲೆ ಕೈ ಇಟ್ಟುಬಿಟ್ಟಳು. ಇಷ್ಟು ವರ್ಷದಲ್ಲಿ ಅವಳು ಅವರಿಗೆ ಎದುರಾಡಿದವಳಲ್ಲ.

ಅವಳ ಒಡಹುಟ್ಟಿದ ತಮ್ಮ ಗಾರೆ ಕೆಲಸದವನು. ಹೋದ ವರ್ಷ ಶಾಲೆಯೊಂದರ ಕಟ್ಟಡದ ಮೂರನೇ ಮಹಡಿಯಿಂದ ಬಿದ್ದು ತೀರಿಕೊಂಡಿದ್ದ. ಹಣೆಬರಹ ಎಂದು ಎಲ್ಲರೂ ಸಮಾಧಾನ ಹೇಳಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಭೂಮಿ ಬಾಯಿಬಿಡಬಾರದೇ ಎಂದು ಅಕ್ಕನಿಗೆ ಅನ್ನಿಸುತ್ತಿತ್ತು.

"ನನ್ನ ತಮ್ಮ ಬಿದ್ದನಲ್ಲ, ಆ ಶಾಲೆ ಪಟ್ಟಿ ಬರೆದವಳು ನಾನೇ ಸಾರ್," ಎಂದಳು. "ಈ ಸಾಲಿಗೆ ಒಟ್ಟಾರೆ ಅಂತ ಹಾಕಿದ್ದೆ. ಮನೇಲಿ ಇನ್ನೂ ಹೇಳಿಲ್ಲ. ಅವನ ಹೆಂಡ್ತಿ ದಿನಾ ನಂಗೆ ಬುತ್ತಿ ಕಟ್ಟಿ ಕಳಿಸ್ತಾಳೆ."

ಆ ಶಾಲೆಯ ಪಟ್ಟಿಗೆ ಸಹಿ ಹಾಕಿದವರು ತಾವೇ ಎಂಬುದು ನೆನಪಾಗಿ ದೊಡ್ಡವರ ಮುಖ ಕಪ್ಪಿಟ್ಟಿತು.

"ಅಲ್ಲಿ ಎಷ್ಟು ಮೀಟರ್ ಬೇಕಿತ್ತಮ್ಮ?"

"ಆ ಮಹಡಿಗೆ ತೊಂಬತ್ತಾರು. ಅವನನ್ನ ಮಣ್ಣು ಮಾಡಿದ ಮಾರನೇ ದಿನ ಹೋಗಿ ಅಳೆದೆ."

"ಕಟ್ಟಿದ್ದು?"

"ಹನ್ನೊಂದು."

ದೊಡ್ಡವರು ಮೀಟರನ್ನು ಹಾಗೇ ಬಿಟ್ಟು ಸಹಿ ಹಾಕಿದರು. ಸಂಜೆ ಮನೆಗೆ ಬಂದ ಅಕ್ಕ ಚಪ್ಪಲಿ ಬಿಟ್ಟವಳೇ ಅಡುಗೆಮನೆಗೆ ಹೋಗಿ, ತಮ್ಮನ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡಳು.