ಕೋಟು ಬರುವ ಮೊದಲು

ಟಿವಿಯವರಿಗೆ ಸರ್ಕಾರ ದಂಡ ಹಾಕಿದ ದಿನ ಅಮ್ಮ, "ಸರ್ಕಾರಕ್ಕೂ ಒಂದೊಂದ್ಸಲ ಕಣ್ಣು ಕಾಣತ್ತೆ ನೋಡ್ರೇ" ಅಂದಳು. ಅಕ್ಕ ನಗಲಿಲ್ಲ. ಆದರೆ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದಳು.

ಅಕ್ಕ ಬಟ್ಟೆ ಹೊಲಿಯುವವಳು. ಅವಳ ಅಂಗಡಿಯಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಮೈಮೇಲಿನ ಬಟ್ಟೆಗೂ ಹತ್ತಿಕೊಂಡಿತ್ತು. ಬೆಂಕಿ ಆರಿಸುವವರು ಅದನ್ನು ಹರಿದೆಸೆದು, ಅವಳನ್ನು ಏಣಿಯಿಂದ ಇಳಿಸಿದರು. ಜೀವ ಉಳಿಯಿತು. ಕೆಳಗೆ ಚಾನೆಲ್ಲಿನ ಕ್ಯಾಮೆರಾ ಇತ್ತು.

"ಕೆಳಗಿಳಿಸಿದ ತಕ್ಷಣ ಬೆಂಕಿ ಆರಿಸೋರೊಬ್ರು ತಮ್ಮ ಕೋಟು ಬಿಚ್ಚಿ ಹೊದಿಸಿದ್ರು ಕಣೇ," ಅಂತ ಆಸ್ಪತ್ರೆಯಲ್ಲಿ ಅಕ್ಕ ಹೇಳಿದ್ದಳು. "ಏನು ಭಾರ ಅಂತೀಯ! ಒಂದು ತೋಳಿನ ಹೊಲಿಗೆ ಬಿಟ್ಟಿತ್ತು, ಪಾಪ."

"ಮೈಯೆಲ್ಲ ಬೆಂದಿದ್ರೂ ಹೊಲಿಗೆ ನೋಡಿದಾಳೆ ನೋಡು ಇವಳು," ಅಂತ ಅಮ್ಮ ಅಳುತ್ತಲೇ ನಕ್ಕಿದ್ದಳು.

ಸಂಜೆಯ ಸುದ್ದಿಯಲ್ಲಿ ಕೋಟು ಬರಲೇ ಇಲ್ಲ. ಅದಕ್ಕೆ ಮೊದಲೇ ವಿಡಿಯೋ ತುಣುಕನ್ನು ಕತ್ತರಿಸಿದ್ದರು.

ವಾಸಿಯಾದ ಮೇಲೆ ಅಕ್ಕ ಮನೆಯಲ್ಲೇ ಮಿಷನ್ ಹಾಕಿಕೊಂಡಳು. ಅಳತೆ ಕೊಡಲು ಬಂದವರ ಕಣ್ಣು ಅವಳ ಮುಖದ ಮೇಲೆ ನಿಲ್ಲುತ್ತಿರಲಿಲ್ಲ. "ಊರಿಗೆಲ್ಲ ಬಟ್ಟೆ ಹೊಲಿದವಳು, ಕೊನೆಗೆ ಅವಳಿಗೇ ಇಲ್ದೇ ಹೋಯ್ತಲ್ಲ" ಅಂತ ಒಬ್ಬಳು ಬಾಗಿಲಲ್ಲಿ ಕಿಸಕ್ಕನೆ ನಕ್ಕಿದ್ದು ಒಳಗೆ ಕೇಳಿಸಿತು. ಅಂದಿನಿಂದ ಅಕ್ಕ ಹೊರಕೋಣೆಗೆ ಬರುವುದನ್ನೇ ಬಿಟ್ಟಳು. ಅಳತೆ ಟೇಪು ನನ್ನ ಕೈಗೆ ಬಂತು. ನನಗೋ, ಒಬ್ಬರ ಭುಜ ಮುಟ್ಟಬೇಕೆಂದರೂ ಬೆವರು.

ದಂಡದ ಜೊತೆಗೆ ಆದೇಶದಲ್ಲಿ ಇನ್ನೊಂದು ಮಾತಿತ್ತು: ಆ ದೃಶ್ಯ ಅಸಭ್ಯ, ಅದನ್ನು ಮತ್ತೆ ಪ್ರಸಾರ ಮಾಡಕೂಡದು. ಅಕ್ಕನಿಗೆ ಬೇಕಾಗಿದ್ದು ಅಷ್ಟೇ. ಚಾನೆಲ್ಲಿನವರು ಆ ಆದೇಶದ ವಿರುದ್ಧವೇ ಕೋರ್ಟಿಗೆ ಹೋದರು.

ಕೊನೆಯ ವಿಚಾರಣೆಗೆ ಅಕ್ಕ ನನ್ನನ್ನು ಕಳಿಸಿದಳು. "ಏನೂ ಮಾತಾಡ್ಬೇಡ, ಸುಮ್ನೆ ಕೇಳಿಸ್ಕೊಂಡು ಬಾ."

"ಇವಳಿಗೆ ಅದನ್ನ ಬೇರೆ ಹೇಳ್ಬೇಕಾ?" ಅಂದಳು ಅಮ್ಮ.

ಸರ್ಕಾರದ ವಕೀಲರು ನೋಡಿದವರ ಮನಸ್ಸು ಎಷ್ಟು ನೊಂದಿದೆ ಎಂದು ವಾದಿಸಿದರು. ಚಾನೆಲ್ಲಿನ ವಕೀಲರು ತೋರಿಸುವವರ ಹಕ್ಕಿನ ಮಾತಾಡಿದರು. "ಅಸಭ್ಯ ಅಂದ್ರೆ ಏನು ಅಂತ ನಿಯಮದಲ್ಲೇ ಇಲ್ಲ. ಇವತ್ತು ಈ ಸುದ್ದಿ, ನಾಳೆ ಯಾವ ಸುದ್ದಿಯ ಬಾಯಿ ಮುಚ್ಚಿಸ್ತಾರೋ?" ಕೇಳಿದರೆ ಅದೂ ಸರಿಯೇ ಅನ್ನಿಸಿತು. ನನ್ನ ಸಂಕಟವೇ ಅದು. ಅಕ್ಕನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಇಬ್ಬರಿಗೂ ಅವಳು 'ದೃಶ್ಯದಲ್ಲಿರುವ ಮಹಿಳೆ'.

ಆಮೇಲೆ ತುಣುಕು ಹಾಕಿದರು. ಏಣಿ, ಹೊಗೆ, ಅಕ್ಕ. ಅಲ್ಲಿಗೆ ನಿಂತಿತು.

ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ.

"ಏನಮ್ಮಾ?" ಅಂದರು ನ್ಯಾಯಾಧೀಶರು.

"ಇನ್ನೊಂಚೂರು ಮುಂದಕ್ಕೆ ಹಾಕ್ಸಿ ಸರ್. ಕೋಟು ಹೊದಿಸ್ತಾರೆ."

"ನೀವು ಯಾರ ಕಡೆಯವರು?"

"ಅವಳ ಕಡೆ." ಪರದೆಯತ್ತ ಕೈ ತೋರಿಸಿದೆ. "ನಮ್ಮಕ್ಕ."

ನ್ಯಾಯಾಧೀಶರ ದನಿ ಮೆತ್ತಗಾಯಿತು. "ಈ ಕೇಸಲ್ಲಿ ಅವರು ಕಕ್ಷಿದಾರರಲ್ಲಮ್ಮ. ವಿವಾದ ಇರೋದು ಇಷ್ಟು ಭಾಗದ ಮೇಲೆ ಮಾತ್ರ. ಕೂತ್ಕೊಳ್ಳಿ."

ಕೂತೆ. ಮನೆಗೆ ಬಂದು ಎಲ್ಲ ಹೇಳಿದೆ. ಅಕ್ಕ ನನ್ನ ತಲೆ ಸವರಿ, "ಮಾತಾಡ್ಬೇಡ ಅಂದಿದ್ನಲ್ಲೇ ಮೂಕಿ" ಅಂದಳು.

ತೀರ್ಪಿನ ದಿನ ಅಕ್ಕ ತಾನಾಗಿಯೇ ಹೊರಕೋಣೆಗೆ ಬಂದು ಟಿವಿಯ ಮುಂದೆ ಕೂತಳು. ಯಾರದೋ ಮಗುವಿನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ನಿಯಮ ಅಸ್ಪಷ್ಟ, ಆದ್ದರಿಂದ ಆದೇಶ ರದ್ದು. ಸುದ್ದಿ ಓದುವವಳ ಮುಖ ಅರಳಿತ್ತು. "ಸತ್ಯ ತೋರಿಸುವ ನಮ್ಮ ಹಕ್ಕಿಗೆ ಜಯ. ವಿವಾದಕ್ಕೆ ಕಾರಣವಾದ ಆ ದೃಶ್ಯ ಇಲ್ಲಿದೆ."

ಅಮ್ಮ ರಿಮೋಟಿಗೆ ಕೈಹಾಕಿದಳು.

"ಇರಮ್ಮ," ಅಂದಳು ಅಕ್ಕ. "ಗೆದ್ದಾಯ್ತಲ್ಲ. ಈಗಲಾದ್ರೂ ಪೂರ್ತಿ ತೋರಿಸ್ತಾರೇನೋ."

ಏಣಿ, ಹೊಗೆ, ಅಕ್ಕ. ಮತ್ತೆ ಸುದ್ದಿಯವಳ ಮುಖ. ಮತ್ತೆ ಏಣಿ. ಮೂವರೂ ಕಾದೆವು. ಪ್ರತಿ ಸಲವೂ ಅಲ್ಲಿಗೇ ಕತ್ತರಿಸುತ್ತಿದ್ದರು.

ನಾನು ಅಕ್ಕನ ಕಡೆ ತಿರುಗಿದೆ. ಸೂಜಿ ಸಿಕ್ಕಿಸಿದ ಹಾಗೆಯೇ ಇದ್ದ ಆ ಅಂಗಿಯನ್ನು ಅವಳು ತನಗೇ ಅರಿವಿಲ್ಲದೆ ಎದೆಯ ಮೇಲೆ ಹರಡಿಕೊಂಡು, ಎರಡೂ ಕೈಯಲ್ಲಿ ಅಂಚು ಹಿಡಿದು ಎಳೆಯುತ್ತಿದ್ದಳು. ಮಗುವಿನ ಅಂಗಿ. ಎಷ್ಟು ಎಳೆದರೂ ಎಲ್ಲಿ ಸಾಲುತ್ತದೆ.