ಲೆಕ್ಕಕ್ಕಿಲ್ಲದ ಕನಸು

ಅಣ್ಣನ ಬಾಯಿಗೆ ಬೀಗ ಇರಲಿಲ್ಲ. ತಂಗಿ ಡಾಕ್ಟರೊಬ್ಬರ ಕನಸಿನ ಪರೀಕ್ಷೆಗೆ ಹೋಗುತ್ತೇನೆ ಎಂದದ್ದೇ ತಡ, "ಹುಟ್ಟಿದಾಗಿಂದ ಕಣ್ಣು ಕಾಣದವಳಿಗೆ ಅದೆಂಥ ಕನಸೇ? ಆ ಡಾಕ್ಟರಿಗೆ ಬೇರೆ ಕೆಲಸ ಇಲ್ವಾ?" ಎಂದು ಊಟಕ್ಕೆ ಕೂತಲ್ಲೇ ನಕ್ಕ. ಗ್ಯಾರೇಜಿನಿಂದ ನೇರ ಬಂದವನ ಕೈಯ ಗ್ರೀಸು ವಾಸನೆ ಅವಳ ಮೂಗಿಗೂ ಬಡಿಯಿತು.

ಅವಳಿಗೆ ಬೇಕಾದದ್ದು ಒಂದೇ, ಅಮ್ಮನ ದನಿ. ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಅವಳು. ಒಮ್ಮೆ ಕೇಳಿದ ದನಿಯನ್ನು ಹಾಗೇ ಆಡಿ ತೋರಿಸುವವಳು. ತೀರಿಕೊಂಡ ಅಮ್ಮನ ದನಿ ಮಾತ್ರ ಕಿವಿಯಿಂದ ಜಾರಿಹೋಗಿತ್ತು. ಕನಸಿನಲ್ಲಿ ಬರುತ್ತಿತ್ತು, ಏಳುವಷ್ಟರಲ್ಲಿ ಮಾಯ. ಈ ಡಾಕ್ಟರು ಕನಸಿನ ನಡುವೆಯೇ ಎಬ್ಬಿಸಿ, ಹೇಳಿದ್ದನ್ನು ರೆಕಾರ್ಡ್ ಮಾಡಿಕೊಳ್ಳುತ್ತಾರಂತೆ.

ರಾತ್ರಿ ಪಾಳಿಯವಳಾದ್ದರಿಂದ ಹಗಲಲ್ಲೇ ಮಲಗಿಸಿದರು. ಕಣ್ಣಂಚಿಗೆ ತಂತಿ ಅಂಟಿಸಿದರು. ಕಣ್ಣುಗುಡ್ಡೆ ಓಡಾಡಿದರೆ ಕನಸು, ಆಗ ಮಾತ್ರ ಎಬ್ಬಿಸಬೇಕು. ಇದು ಡಾಕ್ಟರ ಕಟ್ಟಪ್ಪಣೆ. ಎಂದೂ ಏನನ್ನೂ ನೋಡದ ಆ ಕಣ್ಣುಗಳು ಕದಲಲೇ ಇಲ್ಲ. ವಾರವಿಡೀ ಅಮ್ಮ ಬಂದು ಬೈದು ಹೋದಳು, ಯಂತ್ರಕ್ಕೆ ಸುಳಿವೇ ಹತ್ತಲಿಲ್ಲ.

"ನಿಮಗೆ ಕನಸೇ ಬೀಳಲ್ಲಮ್ಮ," ಎಂದರು ಡಾಕ್ಟರು, ಕನಿಕರದಿಂದ.

"ಬೀಳತ್ತೆ ಸಾರ್, ನನ್ನ ಕನಸು ನನಗೆ ಗೊತ್ತಿಲ್ವಾ?"

"ಬಿದ್ದಿದ್ರೆ ಯಂತ್ರಕ್ಕೆ ಗೊತ್ತಾಗ್ತಿತ್ತು."

ಅಬ್ಬಾ, ಎಂಥ ನ್ಯಾಯ! ಅವಳ ಕನಸಿಗೆ ಅವಳ ಸಾಕ್ಷಿಯೇ ಸಾಲದು.

ಕೊನೆಯ ದಿನ ಟೆಕ್ನಿಷಿಯನ್ ಬಿಸಿ ಚಹಾವನ್ನು ತೊಡೆಯ ಮೇಲೆ ಚೆಲ್ಲಿಕೊಂಡು "ಅಯ್ಯಯ್ಯೋ!" ಎಂದು ಕಿರುಚಿದ. ಅವಳು ದಡಕ್ಕನೆ ಎದ್ದಳು. ಅಮ್ಮನ ದನಿ ಇನ್ನೂ ಕಿವಿಯಲ್ಲೇ ಇತ್ತು. "ರೆಕಾರ್ಡ್ ಹಾಕಿ, ಬೇಗ!" ಎಂದವಳೇ ಅಮ್ಮ ಆಡಿದ್ದನ್ನು ಅಮ್ಮನ ಹಾಗೇ ಆಡಿಬಿಟ್ಟಳು.

ಡಾಕ್ಟರು ಒಪ್ಪಲಿಲ್ಲ. "ಕಣ್ಣು ಆಡಿಲ್ಲ, ಎಬ್ಬಿಸಿದ್ದು ಚಹಾ. ಇದು ಲೆಕ್ಕಕ್ಕಿಲ್ಲ, ಅಳಿಸಿಬಿಡಪ್ಪ."

"ಅಳಿಸೋ ಮೊದ್ಲು ನನ್ನ ಫೋನಿಗೆ ಹಾಕಿಕೊಡಿ ಸಾರ್."

"ಅದ್ಯಾಕಮ್ಮ? ಬರೀ ಕಸ."

"ಕಸಾನೇ ಕೊಡಿ."

ಮನೆಯಲ್ಲಿ ಅಣ್ಣ ಆಗಲೇ ತಟ್ಟೆ ಎಳೆದುಕೊಂಡಿದ್ದ. "ಏನೇ, ಬಿತ್ತಾ ಕನಸು?"

ಅವಳು ಫೋನ್ ಒತ್ತಿದಳು.

"ಲೋ ಕೋಣ, ಮತ್ತೆ ಗ್ರೀಸು ಕೈಯಲ್ಲೇ ತಟ್ಟೆಗೆ ಕೈ ಹಾಕಿದ್ಯಾ? ಏಳು, ತೊಳ್ಕೊಂಡು ಬಾ ನನ್ನಪ್ಪಾ."

ಅಣ್ಣನ ನಗು ನಿಂತಿತು. ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಆಮೇಲೆ ಬಚ್ಚಲಿನ ನಲ್ಲಿ ಬಹಳ ಹೊತ್ತು ಸುರಿಯುತ್ತಲೇ ಇತ್ತು.